ಕೌದಿ ಹೊಲಿದು ಮಾರುವವರಿಗೆ: ಮಷಿನ್‌ಗೆ ಯಾವುದು, ಕೈಗೆ ಯಾವುದು, ತಾಸಿಗೆ ಎಷ್ಟು

ಕೌದಿ, ಅಂದರೆ ಹಳೆಯ ಬಟ್ಟೆಗಳ ಪದರ ಸೇರಿಸಿ ಹೊಲಿದ ಹೊದಿಕೆ, ಹೊಲಿದು ಮಾರಬೇಕು, ಹೇಳಿಕೊಡ್ರಿ ಅಂತ ಬರುವ ಹೆಣ್ಣುಮಕ್ಕಳನ್ನು ನಾನು ಮೊದಲು ಕೇಳುವುದು ಸೂಜಿ ದಾರದ ಮಾತಲ್ಲ. "ನಿಮ್ಮ ಫೋನಿನಾಗ ಸ್ಟಾಪ್‌ವಾಚ್ ಅಂತ ಐತಿ, ಯಾವಾಗರ ಒತ್ತಿ ನೋಡೀರೇನು?" ಅಂತ ಕೇಳುತ್ತೇನೆ. ಹೊಲಿಯೋದು ಅವರಿಗೆ ಬರುತ್ತದೆ. ನಮ್ಮ ಕಡೆ ಅವ್ವನೋ ಅಜ್ಜಿಯೋ ಕೌದಿ ಹೊಲಿಯುವುದನ್ನು ನೋಡದೆ ಬೆಳೆದವರು ಕಡಿಮೆ. ಬರದೇ ಇರೋದು ಹೊಲಿದ ತಾಸು ಎಣಿಸೋದು.

ನನಗೂ ಬರುತ್ತಿರಲಿಲ್ಲ. 2018ರಲ್ಲಿ ನನ್ನ ಮೊದಲ ಕೌದಿ ಮಾರಿದೆ, 600 ರೂಪಾಯಿಗೆ. ಕೊಂಡವರು ನಮ್ಮ ಓಣಿಗೆ ಬಂದಿದ್ದ ಬೀಗರ ಕಡೆಯವರು. ದುಡ್ಡು ಕೈಗೆ ಬಂದಾಗ ಬಹಳ ಖುಷಿಯಾಗಿತ್ತು. ಅಂಥದ್ದೇ ಇನ್ನೊಂದು ಹೊಲಿಯುವಾಗ ಮಗಳು ಫೋನಿನಲ್ಲಿ ಸಮಯ ಹಾಕಿಡುತ್ತಾ ಬಂದಳು. ನಾನು ಕೂತಾಗ ಶುರು, ಎದ್ದಾಗ ಬಂದ್. ಕೂಡಿಸಿ ನೋಡಿದರೆ 52 ತಾಸು. ಅಂದರೆ ತಾಸಿಗೆ 12 ರೂಪಾಯಿಯೂ ಬಿದ್ದಿರಲಿಲ್ಲ. ಬಟ್ಟೆ, ದಾರ ಬೇರೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮವ್ವ ಜೀವನವಿಡೀ ಹೊಲಿದ ಕೌದಿಗಳ ತಾಸು ಎಲ್ಲಿ ಹೋಯಿತು ಅಂತ ಯೋಚನೆ ಮಾಡುತ್ತಾ ಮಲಗಿದ್ದೆ.

ನಾನು ಇರೋದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ. ತವರು ಕುಷ್ಟಗಿ ಕಡೆ. ವಯಸ್ಸು 46, ಚಾಳೀಸು ಬಂದಿದೆ. ಈಗ ನಾವು ನಾಲ್ಕು ಜನ ಸೇರಿ ಹೊಲಿಯುತ್ತೇವೆ. ಕೆಳಗೆ ಬರೆದಿರೋದೆಲ್ಲ ನಾವು ಮಾಡುತ್ತಿರುವ ರೀತಿ. ನಿಮ್ಮ ಮನೆಯಲ್ಲಿ ಬೇರೆ ಪದ್ಧತಿ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ತಾಸಿನ ಲೆಕ್ಕ ಮಾತ್ರ ಬಿಡಬೇಡಿ.

ಬಟ್ಟೆ

ಒಳ್ಳೆಯ ಕೌದಿಗೆ ಹಳೆಯ ಹತ್ತಿ ಬಟ್ಟೆಯೇ ಬೇಕು. ಹತ್ತಾರು ಸಲ ಒಗೆಸಿಕೊಂಡ ಸೀರೆ, ಧೋತರ ಮೆತ್ತಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಮುಂದೆ ಕುಗ್ಗುವ ಭಯವೂ ಕಡಿಮೆ. ಹತ್ತಿಯ ಜೊತೆ ಪಾಲಿಸ್ಟರ್ ಬೆರೆಸಬೇಡಿ. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಎರಡು ಸಲ ಒಗೆಯುವಷ್ಟರಲ್ಲಿ ಕೌದಿ ಮುದುಡಿಕೊಳ್ಳುತ್ತದೆ. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು ಕಡ್ಡಿ ಗೀರಿ ಸುಡಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಒಂದು ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ. ಒಬ್ಬರು ಹೊದೆಯುವ ಕೌದಿ 4 ಅಡಿಗೆ 6 ಅಡಿ. ಒಂದೇ ಸೀರೆಯನ್ನು ಆರಾರು ಅಡಿಗೆ ಕತ್ತರಿಸಿದರೆ ಮೂರು ಪದರ ಸಿಕ್ಕಿತು. ಅಗಲದಲ್ಲಿ ಸ್ವಲ್ಪ ಕಡಿಮೆ ಬೀಳುತ್ತದೆ, ಪಕ್ಕಕ್ಕೆ ಪಟ್ಟಿ ಕೊಟ್ಟುಕೊಳ್ಳಬೇಕು. ಮೇಲಿನ ನಾಲ್ಕನೇ ಪದರವೇ ಬಣ್ಣಬಣ್ಣದ ತುಂಡುಗಳದ್ದು. ಅದಕ್ಕೆ ಇಳಕಲ್ ಸೀರೆಯ ಸೆರಗು ಅಂಚು, ಗುಳೇದಗುಡ್ಡ ಖಣದ ತುಂಡು, ದರ್ಜಿ ಅಂಗಡಿಯಲ್ಲಿ ಉಳಿದ ಚೂರು ಎಲ್ಲವೂ ಆಗುತ್ತದೆ, ಸವೆದ ಭಾಗ ಒಂದನ್ನು ಬಿಟ್ಟು. ಬೆಳಕಿಗೆ ಹಿಡಿದು ನೋಡಿ. ಜಾಳಾಗಿ ಕಂಡರೆ ಅದು ಒಳಪದರಕ್ಕೆ.

ಬಳ್ಳಾರಿಯ ಜೀನ್ಸ್ ಘಟಕಗಳಿಂದ ಹೊರಬೀಳುವ ತುಂಡುಗಳನ್ನೂ ಕೆಲವರು ತರುತ್ತಾರೆ. ಗಟ್ಟಿ ಮಾಲು, ನೋಡಲು ಚಂದ. ಆದರೆ ಕೈಹೊಲಿಗೆಯ ಕೌದಿಗೆ ಬೇಡ, ಬೆರಳು ಉಳಿಯುವುದಿಲ್ಲ. ಅದನ್ನು ಚೀಲಕ್ಕೆ, ಕೂರುವ ಹಾಸಿಗೆಗೆ ಇಡಿ. ಮಷಿನ್‌ಗೆ 16 ಅಥವಾ 18 ನಂಬರಿನ ಸೂಜಿ ಹಾಕಿ ಹೊಲಿಯಿರಿ. ಮಾಮೂಲಿ ಸೂಜಿಯಲ್ಲಿ ಹೊಲಿಯಲು ಹೋದರೆ ಪಟ್ಟಂತ ಮುರಿಯುತ್ತದೆ, ತುಂಡು ಕಣ್ಣಿಗೆ ಹಾರುವ ಅಪಾಯವೂ ಇದೆ.

ಬಣ್ಣ ಬಿಡುವ ಬಟ್ಟೆಯ ವಿಷಯ ನಾನು ನಷ್ಟದಿಂದ ಕಲಿತದ್ದು. ಕೆಂಪು ಸೀರೆಯ ಒಂಬತ್ತು ತುಂಡು ಹಾಕಿ ಹೊಲಿದ ಕೌದಿಯನ್ನು ಹುಬ್ಬಳ್ಳಿಯ ಒಬ್ಬರಿಗೆ ಕಳಿಸಿದ್ದೆ. ಮೊದಲ ಒಗೆತಕ್ಕೇ ಬಿಳಿ ತುಂಡೆಲ್ಲ ಗುಲಾಬಿ ಆಯಿತು. ಅವರು ಬೈಯಲಿಲ್ಲ, ಫೋಟೋ ಕಳಿಸಿ ಸುಮ್ನಾದರು. ನಾನು ಪೂರಾ ದುಡ್ಡು ವಾಪಸ್ ಕೊಟ್ಟೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನೆನೆಸಿದ್ದೆ, ನಿಲ್ಲಲಿಲ್ಲ. ಈಗ ಪ್ರತಿ ಕಡು ಬಣ್ಣದ ಬಟ್ಟೆಗೂ ಇದನ್ನು ಮಾಡುತ್ತೇನೆ: ಬಿಸಿನೀರಲ್ಲಿ ಸಾಬೂನು ಹಾಕಿ ಒಗೆದು, ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತುತ್ತೇನೆ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆತ. ಮೂರನೇ ಸಲವೂ ಹತ್ತಿದರೆ ಆ ಬಟ್ಟೆ ಮಾರುವ ಕೌದಿಗೆ ಬೇಡವೇ ಬೇಡ.

ಮಷಿನ್‌ಗೆ ಕೊಡುವ ಕೆಲಸ

ಮಷಿನ್ ಮುಟ್ಟಿದರೆ ಕೌದಿ ಕೆಟ್ಟುಹೋಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳಗೆ ಮುಚ್ಚಿಹೋಗುವ ಜೋಡಣೆ ಹೊಲಿಗೆ ಮಷಿನ್‌ದಾದರೆ ಗಟ್ಟಿ ಇರುತ್ತದೆ, ಬೇಗ ಆಗುತ್ತದೆ. ಹೊದ್ದವರ ಮೈಗೆ ತಾಗುವ ಹೊಲಿಗೆ ಕೈಯದೇ ಇರಬೇಕು. ನಾನು ಗೆರೆ ಎಳೆದುಕೊಂಡಿರೋದು ಇಲ್ಲಿ.

ನನ್ನ ಬಳಿ ಇರೋದು ಕಾಲಿನಿಂದ ತುಳಿಯುವ ಹಳೆಯ ಮಷಿನ್, ಅದಕ್ಕೇ ಮೋಟರ್ ಕೂರಿಸಿದ್ದೇನೆ. ಹೊಸ ಮಷಿನ್ ಬೇಕಾಗಲಿಲ್ಲ. ನಿಜವಾಗಿ ತಾಸು ಉಳಿಸಿದ್ದು ಬೇರೆ ಸಾಮಾನು. ಪಿಜ್ಜಾ ಕತ್ತರಿಸುವ ಗಾಲಿಯ ಹಾಗೆ ದುಂಡು ಬ್ಲೇಡ್ ಇರುವ ರೋಟರಿ ಕಟರ್, ಅದರ ಕೆಳಗೆ ಹಾಸುವ ಹಸಿರು ಮ್ಯಾಟ್, ಮತ್ತು ದಪ್ಪ ಪಾರದರ್ಶಕ ಸ್ಕೇಲ್. ಮೂರೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ನಾಲ್ಕು ಪದರ ಬಟ್ಟೆ ಒಂದೇ ಎಳೆತಕ್ಕೆ ನೆಟ್ಟಗೆ ಕತ್ತರಿಸುತ್ತದೆ. ಕತ್ತರಿಯಲ್ಲಿ ಮೂರೂವರೆ ತಾಸು ಹಿಡಿಯುತ್ತಿದ್ದ ಕೆಲಸ ಒಂದು ತಾಸಿಗೆ ಇಳಿಯಿತು. ಬ್ಲೇಡ್ ಮಾತ್ರ ಬಹಳ ಹರಿತ. ಕೈಯಿಂದ ಇಡುವಾಗಲೆಲ್ಲ ಲಾಕ್ ಒತ್ತಿಯೇ ಇಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಕಪಾಟಿನ ಮೇಲಿನ ಖಾನೆ ಅದರ ಜಾಗ.

ಅಳತೆ ಹೀಗೆ. ತುಂಡುಗಳು ಆರೂವರೆ ಇಂಚಿನ ಚೌಕ. ನಾಲ್ಕೂ ಕಡೆ ಕಾಲು ಇಂಚು ಹೊಲಿಗೆಗೆ ಹೋದರೆ ಆರು ಇಂಚು ಉಳಿಯುತ್ತದೆ. 4 ಅಡಿ ಅಂದರೆ ಎಂಟು ಚೌಕ, 6 ಅಡಿ ಅಂದರೆ ಹನ್ನೆರಡು. ಒಟ್ಟು 96. ಒಂದೊಂದೇ ಸಾಲು ಜೋಡಿಸಿ, ಇಸ್ತ್ರಿ ಮಾಡಿ, ಆಮೇಲೆ ಸಾಲಿಗೆ ಸಾಲು ಸೇರಿಸಿ. ಇಸ್ತ್ರಿ ಬಿಟ್ಟರೆ ಮೂಲೆಗೆ ಮೂಲೆ ಕೂಡುವುದಿಲ್ಲ. ಇದಕ್ಕೆ ಮಷಿನ್‌ನಲ್ಲಿ ಮೂರು ತಾಸು ಸಾಕು.

ಬಣ್ಣ ಜೋಡಿಸಲು ಫೋನಿನ ಒಂದು ಉಪಾಯ ಇದೆ, ಇದು ನನಗೆ ಬಹಳ ಇಷ್ಟ. 96 ಚೌಕವನ್ನೂ ನೆಲದ ಮೇಲೆ ಹರಡಿ, ಕುರ್ಚಿ ಮೇಲೆ ನಿಂತು ಫೋಟೋ ತೆಗೆಯಿರಿ. ಆ ಫೋಟೋವನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಕೆಂಪು ಹಸಿರು ಕಣ್ಣಿಗೆ ಬೇರೆ ಬೇರೆ ಕಂಡರೂ ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ ಬೂದಿ ಬಣ್ಣ ಆಗಿಬಿಟ್ಟಿರುತ್ತವೆ. ಅಲ್ಲೇ ಕೌದಿ ಸಪ್ಪೆ ಕಾಣೋದು. ಅಲ್ಲೊಂದು ತಿಳಿ ತುಂಡು ತಂದಿಡಿ, ಇಡೀ ಕೌದಿ ಎದ್ದು ಕಾಣುತ್ತದೆ. ನಮ್ಮವ್ವ ಇದನ್ನು ಕಣ್ಣು ಕಿರಿದು ಮಾಡಿ ನೋಡಿಯೇ ಹೇಳುತ್ತಿದ್ದಳು. "ಆ ಮೂಲಿ ಮಬ್ಬಾಗೇತಿ, ಅಲ್ಲೊಂದು ಬೆಳ್ಳನ್ನದು ಹಾಕು" ಅನ್ನುತ್ತಿದ್ದಳು. ಅವಳ ಕಣ್ಣು ನನಗೆ ಬಂದಿಲ್ಲ, ಫೋನ್ ಆ ಕೆಲಸ ಮಾಡಿಕೊಡುತ್ತದೆ.

ಕೈಗೆ ಉಳಿಯುವ ಕೆಲಸ

ಪದರಗಳನ್ನು ನೆಲದ ಮೇಲೆ ಹಾಸುವಾಗ ಕೆಳಗಿನದನ್ನು ಬಿಗಿಯಾಗಿ ಎಳೆದು ನಾಲ್ಕೂ ಕಡೆ ಅಂಟು ಟೇಪ್ ಹಚ್ಚಿ. ಅದರ ಮೇಲೆ ಒಂದೊಂದೇ ಪದರ ಹಾಸಿ ಅಂಗೈಯಿಂದ ನಡುವಿನಿಂದ ಹೊರಗೆ ಸವರುತ್ತಾ ಬನ್ನಿ. ಗೇಣಿಗೊಂದು ಪಿನ್ ಹಾಕಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಬಿಡಿ. ಇಲ್ಲಿ ಅರ್ಧ ತಾಸು ಉಳಿಸಲು ಹೋದರೆ ಕೊನೆಗೆ ನಡುವೆ ಗುಳ್ಳೆ ಎದ್ದು ಕೂರುತ್ತದೆ. ಅದನ್ನು ಸರಿ ಮಾಡಲು ಬರುವುದಿಲ್ಲ, ಬಿಚ್ಚಲೇಬೇಕು.

ಆಮೇಲೆ ಕೈಹೊಲಿಗೆ. ನಾವು ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತು ಬಂದು, ನಡುವೆ ಮುಗಿಸುತ್ತೇವೆ. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಒಟ್ಟಿಗೆ ಏರಿಸಿ ಒಮ್ಮೆಗೇ ಎಳೆಯುವುದು. ಎಡಗೈ ಬೆರಳು ಕೌದಿಯ ಕೆಳಗೆ ಇರುತ್ತದೆ. ಸೂಜಿಯ ಮೊನೆ ಅದಕ್ಕೆ ತಾಗಿದಾಗಲೇ ಎಲ್ಲ ಪದರ ದಾಟಿತು ಅಂತ ಗೊತ್ತಾಗೋದು. ಹೀಗಾಗಿ ಆ ಬೆರಳು ಒರಟಾಗುತ್ತದೆ. ಲೋಹದ ಟೊಪ್ಪಿಗೆ ಬಲಗೈ ನಡುಬೆರಳಿಗೆ ಹಾಕಿ, ಎಡಗೈ ಬೆರಳಿಗೆ ತೆಳು ಬಟ್ಟೆ ಪಟ್ಟಿ ಸುತ್ತಿಕೊಳ್ಳಿ. ದಾರ ಒಂದು ಮೊಳಕ್ಕಿಂತ ಜಾಸ್ತಿ ಉದ್ದ ಹಿಡಿಯಬೇಡಿ, ಗಂಟು ಬೀಳುತ್ತದೆ. ಚಾಳೀಸು ಬಂದವರು ಸೂಜಿಗೆ ದಾರ ಪೋಣಿಸುವ ಪುಟ್ಟ ತಂತಿ ತಂದುಕೊಳ್ಳಿ, ಕುತ್ತಿಗೆ ಬಾಗಿಸುವ ಎಲ್‌ಇಡಿ ದೀಪವೊಂದನ್ನು ಎಡಗಡೆ ಇಟ್ಟುಕೊಳ್ಳಿ. ನಲವತ್ತೈದು ನಿಮಿಷಕ್ಕೆ ಫೋನಿನಲ್ಲಿ ಗಂಟೆ ಬಾರಿಸಲಿ. ಎದ್ದು ಅಂಗಳದವರೆಗೆ ನಡೆದು ಬನ್ನಿ. ನನ್ನ ಜೊತೆಯವಳೊಬ್ಬಳು ಇದನ್ನು ಮಾಡದೆ ಬೆನ್ನು ನೋವಿನಿಂದ ಎರಡು ತಿಂಗಳು ಮಲಗಿದಳು.

ಈಗ ಒಂದು ಲೆಕ್ಕ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ, 4 ಅಡಿಗೆ 6 ಅಡಿ ಕೌದಿಯಲ್ಲಿ ಹೊಲಿಗೆಯ ಒಟ್ಟು ಉದ್ದ 576 ಅಡಿ ಆಗುತ್ತದೆ. ಸುಮಾರು 175 ಮೀಟರ್. ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನಾನು ನಮ್ಮ ಓಣಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ಅಷ್ಟು ದೂರ, ಬೆರಳ ತುದಿಯಲ್ಲಿ. ನನ್ನ ಕೈ ತಾಸಿಗೆ ಐದು ಮೀಟರ್ ಓಡುತ್ತದೆ. ಅಂದರೆ 35 ತಾಸು. ಯಾರಾದರೂ ಬಂದು "ಹಳೇ ಸೀರಿ ಅಲ್ಲೇನು, ಇಷ್ಟ್ಯಾಕ ರೇಟು?" ಅಂದಾಗ ನಾನು ಜಗಳ ಆಡುವುದಿಲ್ಲ. ಈ 175 ಮೀಟರ್ ಹೇಳುತ್ತೇನೆ. ಕೌದಿಯನ್ನು ಅವರ ಕೈಗೆ ಕೊಟ್ಟು, ಒಂದು ಸಾಲಿನ ಮೇಲೆ ಬೆರಳಾಡಿಸಲು ಹೇಳುತ್ತೇನೆ.

ಬೆಲೆ

ಬೆಲೆ ಕಟ್ಟಲು ನಾನು ಹಿಡಿದುಕೊಂಡ ಅಳತೆಗೋಲು ಉದ್ಯೋಗ ಖಾತ್ರಿಯ ಕೂಲಿ. ಕರ್ನಾಟಕದಲ್ಲಿ ಅದು 2024-25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು, 2025-26ರಲ್ಲಿ 370 ಆಯಿತು. ದಿನಕ್ಕೆ ಎಂಟು ತಾಸು ಅಂತ ಹಿಡಿದರೆ ತಾಸಿಗೆ 46 ರೂಪಾಯಿ ಚಿಲ್ಲರೆ. ಮಣ್ಣು ಹೊರುವ ಕೆಲಸಕ್ಕೆ ಸರ್ಕಾರವೇ ಇಷ್ಟು ಕೊಟ್ಟಿದೆ ಅಂದಮೇಲೆ, ವರ್ಷಗಟ್ಟಲೆ ಕಲಿತ ಕೈಗೆ ಅದಕ್ಕಿಂತ ಕಡಿಮೆ ಯಾಕೆ? ಇದು ಕೆಳಗಿನ ಮಿತಿ. ಇದರ ಮೇಲೆ ನಿಮ್ಮ ಕೈಚಳಕ ನೋಡಿ ಏರಿಸಿ, ಕೆಳಗೆ ಮಾತ್ರ ಇಳಿಯಬೇಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. ಕತ್ತರಿಸಲು 1 ತಾಸು, ಜೋಡಿಸಲು 3, ಇಸ್ತ್ರಿ ಮತ್ತು ಪದರ ಹಾಸಲು 2, ಕೈಹೊಲಿಗೆ 35, ಅಂಚು ಮಡಚಿ ಹೊಲಿಯಲು 1. ಒಟ್ಟು 42 ತಾಸು. ತಾಸಿಗೆ 46ರಂತೆ 1,932 ರೂಪಾಯಿ. ಬಟ್ಟೆ ದಾರಕ್ಕೆ 350. ಕರೆಂಟು, ಸೂಜಿ, ಬ್ಲೇಡ್, ಮಷಿನ್ ಎಣ್ಣೆಗೆ 50. ಕೂಡಿಸಿದರೆ 2,332. ಇದರ ಮೇಲೆ ನೂರಕ್ಕೆ ಇಪ್ಪತ್ತು ಸೇರಿಸುತ್ತೇನೆ. ಫೋಟೋ ತೆಗೆಯುವುದು, ಗಿರಾಕಿಗೆ ಉತ್ತರ ಕೊಡುವುದು, ಪೋಸ್ಟ್ ಆಫೀಸಿಗೆ ಹೋಗಿ ಬರುವುದು, ಮಾರಾಟವಾಗದೆ ಉಳಿಯುವ ಮಾಲು ಎಲ್ಲ ಅದರಲ್ಲಿ ಬಂತು. ಹತ್ತಿರ ಹತ್ತಿರ 2,800. ಅಂಚೆ ಖರ್ಚು ಬೇರೆ, ಅದನ್ನು ಮೊದಲೇ ಹೇಳುತ್ತೇನೆ.

ಅಷ್ಟು ಕೊಡಲು ಆಗದವರಿಗೆ ದರ ಇಳಿಸಬೇಡಿ, ಹೊಲಿಗೆ ಬಿಡಿ ಮಾಡಿ. ಸಾಲಿಗೆ ಸಾಲು ಒಂದು ಇಂಚು ಬಿಟ್ಟರೆ ಕೈಹೊಲಿಗೆ ಅರ್ಧಕ್ಕೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 1,850ಕ್ಕೆ ಬರುತ್ತದೆ. ಹೀಗೆ ಎರಡು ನಮೂನೆ ಇಟ್ಟ ಮೇಲೆ ಗಿರಾಕಿಗಳ ಚೌಕಾಸಿ ಮುಕ್ಕಾಲು ಪಾಲು ನಿಂತುಹೋಯಿತು. ಪೂರಾ ಮಷಿನ್‌ನಲ್ಲಿ ಹೊಲಿದದ್ದನ್ನೂ ಮಾರಬಹುದು, ತಪ್ಪೇನಿಲ್ಲ. ಅದಕ್ಕೆ ಕೈಹೊಲಿಗೆ ಅಂತ ಹೆಸರಿಡೋದು ತಪ್ಪು. ತಿಳಿದವರಿಗೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಮಷಿನ್ ಗೆರೆ ನಡುವೆ ಬಿಡುವಿಲ್ಲದೆ ಓಡುತ್ತದೆ, ಕೈ ಗೆರೆಯಲ್ಲಿ ಒಂದು ಹೊಲಿಗೆ ಒಂದು ಸಂದು ಇರುತ್ತದೆ.

ಇನ್ನೊಂದು ಮಾತು. ಗುಂಪಿನಲ್ಲಿ ಹೊಲಿಯುವಾಗ ಪ್ರತಿಯೊಬ್ಬರ ತಾಸು ಅವರವರ ಹೆಸರಿನ ಮುಂದೆ ಬರೆಯಿರಿ. ಹಬ್ಬದ ಮುಂಚೆ ದುಡ್ಡು ಹಂಚುವಾಗ ಮನಸ್ತಾಪ ಆಗುವುದಿಲ್ಲ.

ಫೋಟೋ, ಮಾತು

ಫೋಟೋ ಬೆಳಗ್ಗೆ ಎಂಟರಿಂದ ಹತ್ತರೊಳಗೆ, ಬಾಗಿಲ ಬೆಳಕಿನಲ್ಲಿ. ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡವೇ ಬೇಡ. ಮೊದಲು ಸೆರಗಿನಿಂದ ಕ್ಯಾಮೆರಾದ ಗಾಜು ಒರೆಸಿ. ಸುಮ್ನೆ ಹೇಳುತ್ತಿಲ್ಲ, ಅರ್ಧ ಮಬ್ಬು ಅಲ್ಲೇ ಇರುತ್ತದೆ. ನಾನು ಕೌದಿಯನ್ನು ಹೊರಸಿನ ಮೇಲೆ ಹಾಸುತ್ತೇನೆ. ಹೊರಸಿನ ಅಳತೆ ಎಲ್ಲರಿಗೂ ಗೊತ್ತು, ಹಾಗಾಗಿ ಕೌದಿ ಎಷ್ಟು ದೊಡ್ಡದು ಅಂತ ಕೇಳುವವರೇ ಇಲ್ಲ. ಪೂರ್ತಿ ಕಾಣುವ ಒಂದು, ಮಡಚಿದ್ದು ಒಂದು, ಹೊಲಿಗೆಯ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು, ಕೊನೆಗೆ ಹಿಂಭಾಗ. ಹಿಂಭಾಗದ ಫೋಟೋ ಹಾಕುವವರು ಕಡಿಮೆ. ನನಗೆ ಅತಿ ಹೆಚ್ಚು ಆರ್ಡರ್ ತಂದುಕೊಟ್ಟದ್ದು ಅದೇ. ಕೈಹೊಲಿಗೆ ಗೊತ್ತಿರುವ ಹೆಂಗಸರು ಮೊದಲು ತಿರುಗಿಸಿ ನೋಡೋದು ಹಿಂಭಾಗವನ್ನೇ ಅಲ್ವಾ? ಬಣ್ಣ ಹೊಳೆಯುವಂತೆ ಮಾಡುವ ಫಿಲ್ಟರ್ ಹಾಕಬೇಡಿ. ಫೋಟೋದಲ್ಲಿ ಒಂದು, ಕೈಯಲ್ಲಿ ಒಂದು ಆದರೆ ಮಾಲು ವಾಪಸ್ ಬರುತ್ತದೆ.

ಮಾರಾಟಕ್ಕೆ ನಾನು ಬಳಸೋದು ವಾಟ್ಸಾಪ್ ಬಿಸಿನೆಸ್. ಉಚಿತ. ಕ್ಯಾಟಲಾಗ್‌ನಲ್ಲಿ ಫೋಟೋ, ಅಳತೆ, ದರ ಹಾಕಿಟ್ಟರೆ ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಬರೆಯುವುದು ತಪ್ಪುತ್ತದೆ. ಮನೆ ನಂಬರು ಬೇರೆ, ವ್ಯಾಪಾರದ ನಂಬರು ಬೇರೆ ಇರಲಿ. ಟೈಪ್ ಮಾಡಲು ಬೇಸರ ಆದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ಅಕ್ಷರ ತಾನೇ ಬರುತ್ತದೆ. ಒಮ್ಮೆ ಓದಿ ತಿದ್ದಿಕೊಳ್ಳಿ.

ಬೇರೆ ಭಾಷೆಯ ಗಿರಾಕಿಗೆ ವಿವರ ಬರೆಯಲು ಎಐ ಆ್ಯಪ್ ಕೂಡ ಬಳಸಿದ್ದೇನೆ. ಒಳ್ಳೆಯ ಸಹಾಯ. ಆದರೆ ಅದು ಬರೆದದ್ದನ್ನು ಮಗಳ ಕೈಲಿ ಓದಿಸಿದಾಗ ನಾನು ಹೇಳದ ಎರಡು ಮಾತು ಸೇರಿಕೊಂಡಿದ್ದವು. 'ಸಾವಯವ ಹತ್ತಿ' ಅಂತ ಒಂದು, 'ನೂರಾರು ವರ್ಷದ ಮನೆತನದ ವಿನ್ಯಾಸ' ಅಂತ ಇನ್ನೊಂದು. ಎರಡೂ ಸುಳ್ಳು. ತೆಗೆಸಿದೆ. ಅಳತೆ, ಬಟ್ಟೆ, ತಾಸು, ಊರು ಇಷ್ಟನ್ನು ಕೊಟ್ಟು, ಇದರ ಆಚೆ ಏನೂ ಸೇರಿಸಬೇಡ ಅಂತ ಬರೆದರೆ ಕೆಲಸ ನೆಟ್ಟಗಾಗುತ್ತದೆ. ಆದರೂ ಗೊತ್ತಿರುವವರ ಕೈಲಿ ಓದಿಸದೆ ಕಳಿಸಬೇಡಿ.

ಊರಿನ ಹೆಸರು ಹಾಕಲು ನಾಚಿಕೆ ಬೇಡ. ನಮ್ಮ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಿಂದ ಪದರ ಕೊಟ್ಟು, ಬಣ್ಣ ಹಚ್ಚುವ ಗೊಂಬೆಗಳಿಗೆ ಊರಿನ ಹೆಸರೇ ಗುರುತು, ಈ ಮಾಲು ಈ ಊರಿನದೇ ಅಂತ ಸರ್ಕಾರ ಕೊಡುವ ಜಿಐ ಮಾನ್ಯತೆಯೂ ಇದೆ. ಸಂಡೂರಿನ ಲಂಬಾಣಿ ಕಸೂತಿಗೂ ಹಾಗೇ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸದ 1,755 ವಸ್ತುಗಳನ್ನು ಒಂದೇ ಕಡೆ ಇಟ್ಟಿದ್ದರು, ಅದು ಗಿನ್ನೆಸ್ ದಾಖಲೆ ಆಯಿತು. ಆ ಸುದ್ದಿ ನೋಡಿದ ವಾರವೇ ನಾನು ಕೌದಿಯ ಜೊತೆ ಕೊಡುವ ಚೀಟಿಯಲ್ಲಿ 'ಕೈಹೊಲಿಗೆ ಕೌದಿ' ಅಂತ ಇದ್ದದ್ದನ್ನು 'ಕೈಹೊಲಿಗೆ ಕೌದಿ, ಭಾಗ್ಯನಗರ, ಕೊಪ್ಪಳ' ಅಂತ ಮಾಡಿದೆ. ಕೆಳಗೆ ಹೊಲಿದವರ ಹೆಸರು, ತಾಸು.

ಜಾತ್ರೆಯಲ್ಲಿ ದೊಡ್ಡ ಕೌದಿ ಮಾರಾಟ ಕಡಿಮೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದವರು ಗದ್ದಲದಲ್ಲಿ ಅಷ್ಟು ದೊಡ್ಡ ಗಂಟು ಹೊತ್ತು ತಿರುಗುವುದಿಲ್ಲ. ಅಲ್ಲಿಗೆ ಕೂಸಿನ ಕೌದಿ, ಚೀಲ, ದಿಂಬಿನ ಚೀಲ ಒಯ್ಯಿರಿ. ದೊಡ್ಡದನ್ನು ಒಂದೇ ಒಂದು ನೇತುಹಾಕಿ, ಪಕ್ಕದಲ್ಲಿ ವಾಟ್ಸಾಪ್‌ನ ಕ್ಯೂಆರ್ ಇಡಿ. ಆರ್ಡರ್ ಜಾತ್ರೆ ಮುಗಿದ ವಾರದಲ್ಲಿ ಬರುತ್ತದೆ.

ದುಡ್ಡು, ಕಾಗದ

ಅರ್ಧ ಮುಂಗಡ ಬಾರದೆ ಕತ್ತರಿ ಮುಟ್ಟಬೇಡಿ. ದುಡ್ಡು ಹಾಕಿದ್ದೇನೆ ಅಂತ ಸ್ಕ್ರೀನ್‌ಶಾಟ್ ಬಂದರೆ ಅದನ್ನು ನಂಬದೆ, ನಿಮ್ಮ ಖಾತೆ ತೆರೆದು ನೋಡಿ. ಒಬ್ಬ ಹೀಗೇ ಸುಳ್ಳು ಚಿತ್ರ ಕಳಿಸಿ, ಎರಡು ಕೂಸಿನ ಕೌದಿ ನಮ್ಮ ಬಾಗಿಲಿನಿಂದಲೇ ಒಯ್ದ. ಇನ್ನೊಂದು ಮೋಸ: ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾರೆ. ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ಹೋಗೋದು ನಿಮ್ಮ ದುಡ್ಡು. ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅಂತ ಕೂರಬೇಡಿ.

ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ವೆಬ್‌ಸೈಟಿನಲ್ಲಿ ಉಚಿತ, ಅದಕ್ಕೆ ಫೀಸು ಅಂತ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಕುಶಲಕರ್ಮಿಗಳಿಗಾಗಿ 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದೆ, ಗೊಂಬೆ ಮಾಡುವವರೂ ಇದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿಯ ವೋಚರ್ ಅದರಲ್ಲಿ ಇದೆ. ಮನೆಗೆ ಒಬ್ಬರಿಗೆ ಮಾತ್ರ. ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ. ಜಿಎಸ್‌ಟಿ ಭಯ ಬೇಡ, ವರ್ಷದ ಮಾರಾಟ 40 ಲಕ್ಷ ದಾಟದೆ ರಾಜ್ಯದೊಳಗೆ ಮಾಲು ಮಾರುವವರಿಗೆ ಅದು ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವ ಸಣ್ಣವರಿಗೂ ಜಿಎಸ್‌ಟಿ ವೆಬ್‌ಸೈಟಿನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಹೊರರಾಜ್ಯಕ್ಕೆ ಕಳಿಸುವ ಮುಂಚೆ ಒಮ್ಮೆ ಲೆಕ್ಕಪತ್ರ ನೋಡುವವರನ್ನು ಕೇಳಿಕೊಳ್ಳಿ.

ಬೇರೆಯವರ ಸೀರೆ

ನಮಗೆ ಈಗ ಬರುವ ಕೆಲಸದಲ್ಲಿ ಅರ್ಧ ಇದೇ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಇರುವ ನಮ್ಮ ಕಡೆಯ ಮಕ್ಕಳು ತೀರಿಹೋದ ಅವ್ವನ ಸೀರೆಗಳನ್ನು ಕಳಿಸಿ, ಕೌದಿ ಮಾಡಿಕೊಡಿ ಅನ್ನುತ್ತಾರೆ. ಇದನ್ನು ಮಾಮೂಲಿ ಕೆಲಸದ ಹಾಗೆ ನೋಡಬೇಡಿ.

ಒಬ್ಬ ಮಗಳು ಏಳು ಸೀರೆ ಕಳಿಸಿದ್ದಳು. ಒಂದು ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ ಗಂಟು ಇತ್ತು. ಬಿಚ್ಚಿದರೆ ಒಳಗೆ ಒಂದು ಅಡಿಕೆ ಚೂರು, ಎರಡು ರೂಪಾಯಿಯ ನಾಣ್ಯ. ನಾನು ಅಲ್ಲೇ ಕೆಲಸ ನಿಲ್ಲಿಸಿ ಅವಳಿಗೆ ವೀಡಿಯೊ ಕಾಲ್ ಮಾಡಿದೆ. "ಅಕ್ಕಾ, ಹಂಗ ಇಡ್ರಿ, ಬಿಚ್ಚಬ್ಯಾಡ್ರಿ" ಅಂದಳು. ನಾನು ಆಗಲೇ ಬಿಚ್ಚಿದ್ದೆ. ಮತ್ತೆ ಅದೇ ಮಡಿಕೆಯ ಗೆರೆ ಹಿಡಿದು ಗಂಟು ಹಾಕಿ, ಆ ಸೆರಗಿನ ಮೂಲೆಯನ್ನು ಕತ್ತರಿಸದೆ ಕೌದಿಯ ಹಿಂಬದಿಯಲ್ಲಿ ಪುಟ್ಟ ಜೇಬಿನ ಹಾಗೆ ಇಟ್ಟು ಹೊಲಿದೆ. ಅಂದಿನಿಂದ ಸೀರೆ ಬಂದ ಕೂಡಲೇ ಒಂದೊಂದನ್ನೂ ಬಿಡಿಸಿ ಫೋಟೋ ತೆಗೆದು ಕಳಿಸುತ್ತೇನೆ. ಗಂಟು, ಕಲೆ, ತೇಪೆ ಇದ್ದರೆ ಮುಟ್ಟುವ ಮುಂಚೆ ಕೇಳುತ್ತೇನೆ. ಯಾವುದನ್ನು ಕತ್ತರಿಸಬಹುದು, ಯಾವುದನ್ನು ಬಾರದು ಅಂತ ಅವರಿಂದ ಬರಹದಲ್ಲಿ ಪಡೆಯುತ್ತೇನೆ. ಉಳಿದ ಚೂರು ಬೆರಳಗಲ ಇದ್ದರೂ ಚೀಲದಲ್ಲಿ ಹಾಕಿ ವಾಪಸ್ ಕಳಿಸುತ್ತೇನೆ. ಇಂಥ ಬಟ್ಟೆಯಲ್ಲಿ ಒಂದು ಎಳೆಯನ್ನೂ ಬೇರೆ ಕೌದಿಗೆ ಬಳಸಬಾರದು.

ಕಳಿಸುವಾಗ

ಕೌದಿ ತೂಕ ಕಡಿಮೆ, ಗಾತ್ರ ಜಾಸ್ತಿ. ಬಹಳ ಕೊರಿಯರ್‌ಗಳು ಗಾತ್ರದ ತೂಕಕ್ಕೆ ದುಡ್ಡು ಹಿಡಿಯುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು. ಒಂದೂವರೆ ಕೆಜಿಯ ಕೌದಿಯನ್ನು 40, 35, 20ರ ಪೆಟ್ಟಿಗೆಯಲ್ಲಿಟ್ಟರೆ ಅದು 5.6 ಕೆಜಿ ಅಂತ ಲೆಕ್ಕ. ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೊಣಕಾಲಿನಿಂದ ಒತ್ತಿ, 35, 30, 10ಕ್ಕೆ ತಂದರೆ 2.1 ಕೆಜಿ. ಅಳತೆ ಟೇಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಪಕ್ಕದಲ್ಲೇ ಇರಲಿ. ಅಂಚೆ ಕಚೇರಿಯ ದರವನ್ನೂ ಕೇಳಿ, ಕಡಿಮೆ ಇದ್ದಲ್ಲಿ ಕಳಿಸಿ. ಚೀಲ ಮುಚ್ಚುವ ಮುಂಚೆ ಕೌದಿ ಪೂರಾ ಒಣಗಿರಬೇಕು. ತುಸು ತೇವ ಇದ್ದರೂ ಬೂಸಲು ಹಿಡಿಯುತ್ತದೆ.

ಒಳಗೆ ಒಂದು ಚೀಟಿ ಇಡಿ. ನನ್ನದರಲ್ಲಿ ಹೀಗೆ ಬರೆದಿದೆ: "ಬಂದ ದಿನ ಎರಡು ತಾಸು ಗಾಳಿಗೆ ಹಾಕಿ. ತಣ್ಣೀರಿನಲ್ಲಿ ಒಗೆಯಿರಿ, ಬ್ರಷ್ ಹಾಕಿ ತಿಕ್ಕಬೇಡಿ. ಹಿಂಡಬೇಡಿ, ಅಡ್ಡಲಾಗಿ ಹಾಕಿ ನೆರಳಲ್ಲಿ ಒಣಗಿಸಿ. ಎಲ್ಲಾದರೂ ಹೊಲಿಗೆ ಬಿಚ್ಚಿದರೆ ಕಳಿಸಿಕೊಡಿ, ಹಾಕಿ ಕೊಡುತ್ತೇವೆ. ಅದಕ್ಕೆ ದುಡ್ಡು ಬೇಡ."